ಹೆರಿಗೆಯ ನಂತರದ ರಕ್ತಸ್ರಾವ: ಕಣ್ಣಳತೆ ಬಿಟ್ಟು ಮಿಲಿಲೀಟರಿನಲ್ಲಿ ಅಳೆಯುವ ಕ್ರಮ

ಎಷ್ಟು ರಕ್ತ ಹೋಯಿತು ಎಂದು ಲೇಬರ್ ರೂಮಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಮೂರು ಬಗೆಯದು: "ನಾರ್ಮಲ್", "ಸ್ವಲ್ಪ ಜಾಸ್ತಿ", "ಜಾಸ್ತೀನೇ ಆಯ್ತು". ಕೇಸ್ ಶೀಟಿನಲ್ಲಿ ಮಾತ್ರ ಕೈ ಅಭ್ಯಾಸಬಲದಿಂದ "200 ಮಿ.ಲೀ." ಎಂದು ಬರೆದುಬಿಡುತ್ತದೆ. ಬಾಣಂತಿಯ ಜೀವಕ್ಕೆ ಕುತ್ತು ಬರುವುದು ಬಹಳ ಸಲ ಈ 200ರ ಮರೆಯಲ್ಲೇ. ಹೆರಿಗೆ ಮಾಡಿಸುವ ಸ್ಟಾಫ್ ನರ್ಸ್, ಎ.ಎನ್.ಎಂ. (ಸಹಾಯಕ ನರ್ಸ್-ಸೂಲಗಿತ್ತಿ) ಮತ್ತು ಮಿಡ್‌ವೈಫರಿ ತರಬೇತಿಯಲ್ಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇವೆ. ಹೇಳಿರುವುದೆಲ್ಲ ನಾರ್ಮಲ್ ಡೆಲಿವರಿಗೆ ಮಾತ್ರ, ಸಿಸೇರಿಯನ್ನಿನ ಲೆಕ್ಕ ಬೇರೆ.

ಅಳೆಯುವ ಚೀಲಕ್ಕೂ ನಮ್ಮ ಬೆಳಗಾವಿಗೂ ನಂಟಿದೆ. 2002ರಿಂದ 2005ರವರೆಗೆ ಅಂದಿನ ಬೆಳಗಾಂ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆರಿಗೆಗಳ ಮೇಲೆ ಒಂದು ಅಧ್ಯಯನ ನಡೆಯಿತು. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ನಡೆಸಿದ ಕೆಲಸವದು. ಹೆರಿಗೆ ಮಾಡಿಸಿದವರು ಎ.ಎನ್.ಎಂ.ಗಳು. ಅರ್ಧದಷ್ಟು ತಾಯಂದಿರಿಗೆ ಗರ್ಭಕೋಶವನ್ನು ಬಿಗಿಗೊಳಿಸುವ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ನೋಡಲು ಅದೇ ಥರದ ಔಷಧವಿಲ್ಲದ ಮಾತ್ರೆ ಕೊಟ್ಟರು. ಅತಿ ರಕ್ತಸ್ರಾವದ ಪ್ರಮಾಣ 12 ಶೇಕಡಾದಿಂದ 6.4ಕ್ಕೆ ಇಳಿಯಿತು. ಇಂಥ ವ್ಯತ್ಯಾಸ ಕಾಣಬೇಕಾದರೆ ರಕ್ತವನ್ನು ಸರಿಯಾಗಿ ಅಳೆಯಲೇಬೇಕಿತ್ತು. ಅದಕ್ಕೆಂದೇ ಅಲ್ಲಿ ತಯಾರಾದದ್ದು, ಸೊಂಟದ ಕೆಳಗೆ ಹಾಸಿ ತುದಿಯಲ್ಲಿ ಗೆರೆ ಹಾಕಿದ ಚೀಲ ಇಳಿಬಿಡುವ ಪ್ಲಾಸ್ಟಿಕ್ ಹಾಳೆ, ಅಂದರೆ ಡ್ರೇಪ್. ಅದೇ ಡ್ರೇಪಿನ ಅಳತೆಯನ್ನು ಕಣ್ಣಳತೆಯ ಜೊತೆ ಹೋಲಿಸಿ ನೋಡಿದಾಗ ಕಣ್ಣು ಸುಮಾರು ಮೂರನೇ ಒಂದು ಪಾಲಿನಷ್ಟು ಕಡಿಮೆ ಹೇಳುತ್ತಿತ್ತು. ಚೀಲದಲ್ಲಿ 300 ಇದ್ದರೆ ಕಣ್ಣಿಗೆ ಕಂಡದ್ದು 200.

ಹಾಗೆಂದು ಚೀಲ ತಂದು ಕಟ್ಟಿದ ಮಾತ್ರಕ್ಕೆ ಯಾರೂ ಉಳಿಯುವುದಿಲ್ಲ. ಯುರೋಪಿನ 13 ದೇಶಗಳ 78 ಹೆರಿಗೆ ಆಸ್ಪತ್ರೆಗಳಲ್ಲಿ ಬರೀ ಚೀಲ ಕೊಟ್ಟು ನೋಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತೀವ್ರ ರಕ್ತಸ್ರಾವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. 2023ರಲ್ಲಿ ಕೀನ್ಯಾ, ನೈಜೀರಿಯಾ, ತಾಂಜಾನಿಯಾ ಮತ್ತು ದಕ್ಷಿಣ ಆಫ್ರಿಕಾದ 80 ಆಸ್ಪತ್ರೆಗಳ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಇ-ಮೋಟಿವ್ ಅಧ್ಯಯನ ಹೊರಬಂತು. ಅಲ್ಲಿ ಚೀಲದ ಗೆರೆಯನ್ನು ಚಿಕಿತ್ಸೆಗೆ ಗಂಟು ಹಾಕಿದ್ದರು: ಗೆರೆ ಮುಟ್ಟಿತೋ, ಐದೂ ಕೆಲಸ (ಗರ್ಭಕೋಶದ ಮಸಾಜು, ಅದನ್ನು ಬಿಗಿಗೊಳಿಸುವ ಆಕ್ಸಿಟೋಸಿನ್, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಪರೀಕ್ಷೆ) ಒಟ್ಟಿಗೆ ಶುರು. ಒಂದು ಲೀಟರು ದಾಟಿದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯಬೇಕಾದ ಶಸ್ತ್ರಚಿಕಿತ್ಸೆ, ಅದರಿಂದಾದ ಸಾವು, ಈ ಮೂರೂ ಸೇರಿ 4.3 ಶೇಕಡಾದಿಂದ 1.6ಕ್ಕೆ ಇಳಿದವು. ರಕ್ತಸ್ರಾವ ಪತ್ತೆಯಾದದ್ದು ಹಳೆಯ ಕ್ರಮದಲ್ಲಿ 51 ಶೇಕಡಾ, ಹೊಸದರಲ್ಲಿ 93. ಹಳೆಯ ಕ್ರಮದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳು ಆಸ್ಪತ್ರೆಯವರ ಕಣ್ಣೆದುರೇ ನಡೆದರೂ ಗಮನಕ್ಕೆ ಬಂದಿರಲಿಲ್ಲ. ಕೆಳಗೆ ವಿವರಿಸಿರುವುದು ಹೆಚ್ಚಾಗಿ ಈ ಕ್ರಮವನ್ನೇ. ಔಷಧದ ಪ್ರಮಾಣದಲ್ಲಿ ನಿಮ್ಮ ಆಸ್ಪತ್ರೆಯ ಗೋಡೆಯ ಮೇಲಿನ ಪ್ರೋಟೋಕಾಲು ಬೇರೆ ಹೇಳುತ್ತಿದ್ದರೆ ಅದನ್ನೇ ಪಾಲಿಸಿ.

ಹೆರಿಗೆಗೆ ಮುಂಚೆ

ನೋವು ಜೋರಾದ ಮೇಲೆ ಹುಡುಕುವುದಕ್ಕೆ ಪುರುಸೊತ್ತು ಸಿಗುವುದಿಲ್ಲ. ಒಂದು ಡಬ್ಬಿ ಅಥವಾ ಟ್ರಾಲಿಯಲ್ಲಿ ಇವಿಷ್ಟನ್ನು ಒಟ್ಟಿಗಿಡಿ:

- ಅಳತೆ ಗೆರೆಯ ಡ್ರೇಪ್
- 16 ಅಥವಾ 18 ನಂಬರಿನ ಕ್ಯಾನುಲಾ 2, ಡ್ರಿಪ್ ಸೆಟ್, ನಾರ್ಮಲ್ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ಬಾಟಲಿ
- ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ (ನಮ್ಮಲ್ಲಿ ಸಾಮಾನ್ಯವಾಗಿ 500 ಮಿ.ಗ್ರಾಂ.ನ ಎರಡು ಆಂಪೂಲು)
- ಮಿಸೊಪ್ರೊಸ್ಟಾಲ್ 200 ಮೈಕ್ರೋಗ್ರಾಂನ 4 ಮಾತ್ರೆ
- ಮೂತ್ರದ ಕ್ಯಾತಿಟರ್, ಉದ್ದ ತೋಳಿನ ಗ್ಲೌಸು, ಸ್ಪೆಕ್ಯುಲಮ್, ಸ್ಪಂಜ್ ಹೋಲ್ಡರ್, ಟಾರ್ಚು

ಆಕ್ಸಿಟೋಸಿನ್ ಈ ಡಬ್ಬಿಯಲ್ಲಿ ಇರಕೂಡದು. ಅದರ ಜಾಗ ಫ್ರಿಜ್ಜಿನೊಳಗೆ, 2ರಿಂದ 8 ಡಿಗ್ರಿಯಲ್ಲಿ. ಟ್ರೇಯಲ್ಲಿ ದಿನವಿಡೀ ಬಿದ್ದಿರುವ ಆಂಪೂಲು ನೋಡಲು ಹಾಗೆಯೇ ಇರುತ್ತದೆ, ಒಳಗಿನ ಶಕ್ತಿ ಕುಂದಿರುತ್ತದೆ. "ಆಕ್ಸಿಟೋಸಿನ್ ಕೊಟ್ಟರೂ ಗರ್ಭಕೋಶ ಬಿಗಿಯಾಗಲಿಲ್ಲ" ಎನ್ನುವಲ್ಲಿ ಮೊದಲು ಸಂಶಯಪಡಬೇಕಾದದ್ದು ಫ್ರಿಜ್ಜಿನ ಮೇಲೆ. ಒಂದು ಆಂಪೂಲಿನಲ್ಲಿ 5 ಯೂನಿಟ್ ಇದೆಯೋ 10 ಇದೆಯೋ ಎಂಬುದನ್ನೂ ಪ್ರತಿ ಸಲ ಓದಿ. ಕಂಪನಿ ಬದಲಾದಂತೆ ಇದೂ ಬದಲಾಗುತ್ತದೆ.

ಟ್ರಾನೆಕ್ಸಾಮಿಕ್ ಆಮ್ಲದ ಆಂಪೂಲನ್ನು ಬೆನ್ನಿಗೆ ಕೊಡುವ ಅರಿವಳಿಕೆಯ ಆಂಪೂಲುಗಳ ಹತ್ತಿರ ಸುಳಿಯಗೊಡಬೇಡಿ. ನೋಟದಲ್ಲಿ ಎರಡೂ ಒಂದೇ ಥರ. ಅದಲುಬದಲಾಗಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಫಿಟ್ಸು, ಸಾವು. ವಿಶ್ವ ಆರೋಗ್ಯ ಸಂಸ್ಥೆ ಈ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿದೆ.

ಇನ್ನು ಬಸುರಿಯ ಹಿಮೋಗ್ಲೋಬಿನ್. ತಾಯಿ ಕಾರ್ಡಿನಿಂದ ಅದನ್ನು ತೆಗೆದು ಚಾರ್ಟಿನ ಮೇಲ್ತುದಿಯಲ್ಲಿ ದಪ್ಪಗೆ ಬರೆಯಿರಿ. 12 ಇರುವವಳು ತಡೆದುಕೊಳ್ಳುವ 500 ಮಿ.ಲೀ. 7 ಇರುವವಳನ್ನು ಶಾಕಿಗೆ (ರಕ್ತ ಸಾಲದೆ ಅಂಗಗಳು ಸೋಲುವ ಸ್ಥಿತಿಗೆ) ತಳ್ಳಬಹುದು. ರಕ್ತಹೀನತೆ ಇದೆ ಎಂದು ಮುಂಚಿತವಾಗಿಯೇ ಎಲ್ಲರಿಗೂ ಟ್ರಾನೆಕ್ಸಾಮಿಕ್ ಕೊಟ್ಟುಬಿಡೋಣವೇ? ಅದನ್ನೂ 2023ರ ವುಮನ್-2 ಅಧ್ಯಯನದಲ್ಲಿ 15 ಸಾವಿರ ರಕ್ತಹೀನ ತಾಯಂದಿರಲ್ಲಿ ನೋಡಿದ್ದಾರೆ, ರಕ್ತಸ್ರಾವ ಕಡಿಮೆಯಾಗಲಿಲ್ಲ. ಅದು ಬರುವುದನ್ನು ತಡೆಯುವ ಮದ್ದಲ್ಲ, ಬಂದದ್ದನ್ನು ನಿಲ್ಲಿಸುವ ಮದ್ದು.

ಡ್ರೇಪ್ ಹಾಕುವ ಗಳಿಗೆ

ತಪ್ಪಾಗುವುದು ಹೆಚ್ಚಾಗಿ ಇಲ್ಲೇ. ಮಗು ಹೊರಬರುವ ಮೊದಲೇ ಡ್ರೇಪ್ ಹಾಸಿ ಚೀಲ ಬಿಚ್ಚಿಟ್ಟರೆ ನೆತ್ತಿನೀರು (ಗರ್ಭದಲ್ಲಿ ಮಗುವಿನ ಸುತ್ತ ಇರುವ ನೀರು), ಮೂತ್ರ, ಮಲ ಎಲ್ಲ ಅದರೊಳಗೆ ಸೇರುತ್ತದೆ. ಚೀಲ 600 ತೋರಿಸುತ್ತದೆ, ಅದರಲ್ಲಿ 400 ನೀರು. ಇಂಥ ಸುಳ್ಳು ಗಾಬರಿ ಎರಡು ಸಲ ಆದರೆ ಮೂರನೇ ಸಲ ಚೀಲವನ್ನು ಯಾರೂ ನಂಬುವುದಿಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಮಗು ಬಂದ ಕೂಡಲೇ ತಾಯಿಯ ಎದೆಯ ಮೇಲೆ ಹಾಕಿ ಒರೆಸಿ. ಹೊಟ್ಟೆ ಮುಟ್ಟಿ ಇನ್ನೊಂದು ಮಗು ಇಲ್ಲ ಎಂದು ಖಚಿತಮಾಡಿಕೊಂಡು, ಒಂದು ನಿಮಿಷದೊಳಗೆ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್. ಅಷ್ಟರಲ್ಲಿ ಉಳಿದ ನೆತ್ತಿನೀರು ಹರಿದುಹೋಗಿರುತ್ತದೆ. ಒದ್ದೆ ಬಟ್ಟೆ ಎಳೆದು ತೆಗೆದು, ಸೊಂಟ ಎತ್ತಿಸಿ ಡ್ರೇಪನ್ನು ಒಳಸೇರಿಸಿ, ದಾರಗಳನ್ನು ಸೊಂಟದ ಸುತ್ತ ಸಡಿಲವಾಗಿ ಕಟ್ಟಿ. ಚೀಲ ಮೇಜಿನ ಅಂಚಿನಿಂದ ಕೆಳಗೆ ನೇರವಾಗಿ ಜೋತುಬೀಳಬೇಕು. ಮಂಚದ ಮೇಲೆಯೇ ಮುದುಡಿಕೊಂಡರೆ ರಕ್ತ ಬೆನ್ನಿನ ಕಡೆ ಹರಿಯುತ್ತದೆ, ಚೀಲ ಖಾಲಿ ಕಾಣುತ್ತದೆ. ತಲೆಯ ಕಡೆ ಸ್ವಲ್ಪ ಎತ್ತರಿಸಿದರೆ ಇಳಿಜಾರು ಸಿಗುತ್ತದೆ.

ಹೊಕ್ಕುಳಬಳ್ಳಿಯನ್ನು 1ರಿಂದ 3 ನಿಮಿಷದ ನಡುವೆ ಕ್ಲ್ಯಾಂಪ್ ಮಾಡಿ. ಮಾಸು ಬೀಳುವಾಗ ಅದನ್ನು ಚೀಲಕ್ಕೆ ಬೀಳಿಸದೆ ಬೇಸಿನ್ನಿಗೆ ಹಿಡಿಯಿರಿ. ಬೇಸಿನ್ನಿನಲ್ಲಿ ನಿಂತ ರಕ್ತವನ್ನು ಆಮೇಲೆ ಅಳತೆ ಜಗ್ಗಿಗೆ ಸುರಿದು ಲೆಕ್ಕಕ್ಕೆ ಸೇರಿಸಿ. ಹೊಲಿಗೆ ಹಾಕುವಾಗ ಸುರಿಯುವ ರಕ್ತವೂ ಲೆಕ್ಕಕ್ಕೆ ಸೇರಿದ್ದೇ. "ಅದು ಎಪಿಸಿಯಾಟಮಿಯದ್ದು (ಹೆರಿಗೆಗೆಂದು ಯೋನಿಯ ಬಾಯಲ್ಲಿ ಕೊಯ್ದ ಗಾಯದ್ದು), ಗರ್ಭಕೋಶದ್ದಲ್ಲ" ಎಂದು ಬಿಟ್ಟುಬಿಡುವವರಿದ್ದಾರೆ. ದೇಹಕ್ಕೆ ಯಾವ ಬಾಗಿಲಿನಿಂದ ಹೋದರೂ ನಷ್ಟ ಒಂದೇ. ಒರೆಸಿದ ಗಾಜ್ ಬಟ್ಟೆಯನ್ನು ತೊಟ್ಟಿಗೆ ಎಸೆಯದೆ ಟ್ರೇಯಲ್ಲಿ ಬೇರೆ ಇಡಿ.

ಡ್ರೇಪ್ ಇಲ್ಲದ ಕಡೆ ತೂಕವೇ ಗತಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಣ ಪ್ಯಾಡು, ಮಾಪು (ರಕ್ತ ಒರೆಸುವ ದಪ್ಪ ಬಟ್ಟೆ), ಹಾಸುಬಟ್ಟೆಗಳ ತೂಕವನ್ನು ಮೊದಲೇ ಗೋಡೆಗೆ ಬರೆದು ಅಂಟಿಸಿ. ಒದ್ದೆ ತೂಕದಿಂದ ಒಣ ತೂಕ ಕಳೆದರೆ ಬರುವ ಗ್ರಾಂ ಹೆಚ್ಚುಕಮ್ಮಿ ಅಷ್ಟೇ ಮಿಲಿಲೀಟರು. ಇದು ಎಷ್ಟು ಮುಖ್ಯ ಎನ್ನುವುದಕ್ಕೆ ಒಂದು ಅಂದಾಜು: ಪೂರ್ತಿ ನೆನೆದ 10×10 ಸೆಂ.ಮೀ. ಗಾಜ್ ಬಟ್ಟೆ ಸುಮಾರು 60 ಮಿ.ಲೀ. ಹಿಡಿಯುತ್ತದೆ, 45×45 ಸೆಂ.ಮೀ.ನ ದೊಡ್ಡ ಮಾಪು 350. ಎರಡು ಮಾಪು ನೆನೆದರೆ 500 ದಾಟಿಯಾಯಿತು.

ಮೊದಲ ಗಂಟೆ: ಹದಿನೈದು ನಿಮಿಷಕ್ಕೊಮ್ಮೆ ಐದು ನೋಟ

ತುಂಬಿದ ದಿನಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಮಿ.ಲೀ. ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಜಾಗದ ರಕ್ತನಾಳಗಳನ್ನು ಗರ್ಭಕೋಶದ ಸ್ನಾಯು ಹಿಂಡಿಕೊಂಡೇ ಮುಚ್ಚಬೇಕು, ಹೊಲಿಗೆ ಹಾಕುವವರು ಯಾರೂ ಇಲ್ಲ. ಸ್ನಾಯು ಸಡಿಲವಾದರೆ ನಲ್ಲಿ ತೆರೆದಂತೆ. ಹಾಗಾಗಿ 15, 30, 45, 60ನೇ ನಿಮಿಷಕ್ಕೆ ಈ ಐದನ್ನೂ ನೋಡಿ ಬರೆಯಿರಿ: ಚೀಲದ ಅಳತೆ, ರಕ್ತ ಹರಿಯುತ್ತಿರುವ ಬಗೆ, ಗರ್ಭಕೋಶದ ಬಿಗಿ, ನಾಡಿ, ಬಿ.ಪಿ.

ಚೀಲ ಓದುವಾಗ ಕುಕ್ಕರುಗಾಲಿನಲ್ಲಿ ಕೂತು ಕಣ್ಣನ್ನು ಗೆರೆಯ ಮಟ್ಟಕ್ಕೆ ತನ್ನಿ. ನಿಂತು ಮೇಲಿನಿಂದ ನೋಡಿದರೆ ಓದು ತಪ್ಪುತ್ತದೆ. ಚೀಲದ ಎರಡೂ ಅಂಚು ಹಿಡಿದು ಮಡಿಕೆ ಬಿಡಿಸಿ, ಹಾಳೆಯ ಮೇಲೆ ಅಂಟಿ ನಿಂತ ಹೆಪ್ಪನ್ನು ಗ್ಲೌಸಿನ ಅಂಚಿನಿಂದ ಕೆಳಗೆ ಜಾರಿಸಿ, ಆಮೇಲೆ ಓದಿ.

ಗರ್ಭಕೋಶ ಹೊಕ್ಕುಳಿನ ಹತ್ತಿರ ತೆಂಗಿನಕಾಯಿಯಂತೆ ಗಟ್ಟಿಯಾಗಿ ಕೈಗೆ ಸಿಗಬೇಕು. ನಾದಿದ ಹಿಟ್ಟಿನಂತೆ ಕೈಯಡಿ ಕುಸಿದರೆ ಸರಿಯಿಲ್ಲ. ಹೊಕ್ಕುಳಿನಿಂದ ಮೇಲಕ್ಕೆ ಸರಿದು ಒಂದು ಪಕ್ಕಕ್ಕೆ ವಾಲಿದ್ದರೆ ಮೂತ್ರಕೋಶ ತುಂಬಿದೆ, ಮೊದಲು ಅದನ್ನು ಖಾಲಿ ಮಾಡಿಸಿ. ಮೂತ್ರಕೋಶ ಖಾಲಿಯಿದ್ದೂ ಮೇಲಕ್ಕೆ ಏರುತ್ತಿದ್ದರೆ ಒಳಗೇ ರಕ್ತ ತುಂಬುತ್ತಿರಬಹುದು. ಚೀಲ ಇದನ್ನು ತೋರಿಸುವುದಿಲ್ಲ. ಯೋನಿಯ ಗೋಡೆಯೊಳಗೆ ರಕ್ತ ಗಂಟುಗಟ್ಟಿದರೂ ಅಷ್ಟೆ: ಚೀಲ ಸುಮ್ಮನಿರುತ್ತದೆ, ಬಾಣಂತಿ ಮಾತ್ರ ಹಿಂಬದಿಗೆ ಒತ್ತಿದಂತಾಗುತ್ತದೆ, ತಡೆಯಲಾಗದ ನೋವು ಎನ್ನುತ್ತಾಳೆ. ಆ ಮಾತನ್ನು "ಹೊಲಿಗೆಯ ನೋವು" ಎಂದು ತಳ್ಳಿಹಾಕಬೇಡಿ.

ಚಾರ್ಟ್ ತುಂಬುವ ಬಗೆಗೆ ಒಂದು ಮಾದರಿ. ಹೆರಿಗೆ ಬೆಳಿಗ್ಗೆ 10:20ಕ್ಕೆ ಎಂದಿಟ್ಟುಕೊಳ್ಳಿ.

10:35: ಚೀಲ 150, ಹರಿವು ಸಾಧಾರಣ, ಗರ್ಭಕೋಶ ಗಟ್ಟಿ, ನಾಡಿ 88, ಬಿ.ಪಿ. 116/74
10:50: ಚೀಲ 310, ಹರಿವು ನಿಂತಿಲ್ಲ, ಗರ್ಭಕೋಶ ಮೆತ್ತಗೆ, ನಾಡಿ 104, ಬಿ.ಪಿ. 110/70

ಎರಡನೇ ಸಾಲನ್ನು ನೋಡಿ. ಬಿ.ಪಿ. ಚೆನ್ನಾಗಿದೆ. ಬಾಣಂತಿ ಮಾತಾಡುತ್ತಿದ್ದಾಳೆ, ಬಹುಶಃ ಮಗುವಿಗೆ ಹಾಲೂಡಿಸುತ್ತಲೂ ಇದ್ದಾಳೆ. ಕಣ್ಣಳತೆಯವರು "ಸ್ವಲ್ಪ ಜಾಸ್ತಿ, ನೋಡೋಣ" ಎನ್ನುವ ಹೊತ್ತಿದು. ಆದರೆ ಲೆಕ್ಕ ಬೇರೆ ಹೇಳುತ್ತದೆ: 15 ನಿಮಿಷದಲ್ಲಿ 160 ಹೋಗಿದೆ, ಇದೇ ವೇಗದಲ್ಲಿ ಇನ್ನು 18 ನಿಮಿಷಕ್ಕೆ 500. ನಾಡಿಯನ್ನು ಮೇಲಿನ ಬಿ.ಪಿ.ಯಿಂದ ಭಾಗಿಸಿದರೆ 104 ಭಾಗ 110, ಅಂದರೆ 0.95. ಇದಕ್ಕೆ ಶಾಕ್ ಇಂಡೆಕ್ಸ್ ಎನ್ನುತ್ತಾರೆ, 0.9 ದಾಟಿದರೆ ಎಚ್ಚರ, 1 ದಾಟಿದರೆ ಅಪಾಯ. ಎಳೆ ವಯಸ್ಸಿನ ಹೆಣ್ಣುಮಗಳ ರಕ್ತನಾಳಗಳು ಬಿಗಿದುಕೊಂಡು ಬಿ.ಪಿ.ಯನ್ನು ಕೊನೆಯವರೆಗೂ ಎತ್ತಿಹಿಡಿಯುತ್ತವೆ, ಆಮೇಲೆ ಒಮ್ಮೆಗೇ ಕೈಬಿಡುತ್ತವೆ. ಬಿ.ಪಿ. ಬೀಳಲಿ ಎಂದು ಕಾದವರು ತಡಮಾಡಿದಂತೆಯೇ.

ಚಿಕಿತ್ಸೆ ಶುರುಮಾಡಬೇಕಾದ ಗೆರೆ: 500 ಮಿ.ಲೀ. ಮುಟ್ಟಿದರೆ ಬೇರೆ ಏನನ್ನೂ ನೋಡಬೇಕಿಲ್ಲ. 300 ಮುಟ್ಟಿದ್ದು, ಉಳಿದ ನೋಟಗಳಲ್ಲಿ ಒಂದಾದರೂ ಕೆಟ್ಟಿದ್ದರೂ ಸಾಕು. 2025ರ ಅಕ್ಟೋಬರಿನಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಮಾರ್ಗಸೂಚಿಯೂ ನಾಡಿ, ಬಿ.ಪಿ. ಏರುಪೇರಾಗಿದ್ದರೆ 300ಕ್ಕೇ ಕೈಹಾಕಿ ಎನ್ನುತ್ತದೆ. ಅಂಕಿ ಏನೇ ಇರಲಿ, ಬಾಣಂತಿ ಬಿಳಿಚಿಕೊಂಡು ಬೆವರುತ್ತಿದ್ದರೆ ಗೆರೆಗಾಗಿ ಕಾಯಬೇಡಿ. ಮಾದರಿಯ ತಾಯಿಗೆ 10:50ಕ್ಕೇ ಚಿಕಿತ್ಸೆ ಶುರುವಾಗಬೇಕು.

ಐದೂ ಕೆಲಸ ಒಟ್ಟಿಗೆ

ನಮ್ಮಲ್ಲಿ ಬೇರೂರಿದ ಅಭ್ಯಾಸ ಒಂದೊಂದನ್ನೇ ಮಾಡಿ ನೋಡುವುದು. ಮೊದಲು ಮಸಾಜು, ನಿಲ್ಲಲಿಲ್ಲವೇ, ಆಕ್ಸಿಟೋಸಿನ್, ಅದಕ್ಕೂ ಬಗ್ಗದಿದ್ದರೆ ಡಾಕ್ಟರಿಗೆ ಫೋನು, ಟ್ರಾನೆಕ್ಸಾಮಿಕ್ ಎಲ್ಲಕ್ಕಿಂತ ಕೊನೆಗೆ. ಪ್ರತಿ ಮೆಟ್ಟಿಲಿಗೂ ಹತ್ತು ನಿಮಿಷ ಹೋಗುತ್ತದೆ. ಹಾಗಲ್ಲ, ಕರೆ ಕೊಟ್ಟು 15 ನಿಮಿಷದೊಳಗೆ ಎಲ್ಲವೂ ಆಗಿರಬೇಕು.

ಇಬ್ಬರೇ ಇದ್ದರೆ ಕೆಲಸ ಹಂಚಿಕೊಳ್ಳುವುದು ಹೀಗೆ. ಹೆರಿಗೆ ಮಾಡಿಸಿದವರ ಕೈ ಹೊಟ್ಟೆಯ ಮೇಲೆ: ಗರ್ಭಕೋಶ ಗಟ್ಟಿಯಾಗುವವರೆಗೆ ಅಥವಾ ಒಂದು ನಿಮಿಷದಷ್ಟು ಹೊತ್ತು ಮಸಾಜು, ಹೆಪ್ಪು ಹೊರಕ್ಕೆ, ಮೂತ್ರಕೋಶ ಖಾಲಿ. ಎರಡನೆಯವರು ಡ್ರಿಪ್ ಹಾಕಿ ಔಷಧ ಶುರುಮಾಡುತ್ತಾರೆ. ಆಕ್ಸಿಟೋಸಿನ್ 10 ಯೂನಿಟನ್ನು 200ರಿಂದ 500 ಮಿ.ಲೀ. ಸಲೈನಿನಲ್ಲಿ ಬೆರೆಸಿ 10 ನಿಮಿಷದಲ್ಲಿ, ಆಮೇಲೆ 20 ಯೂನಿಟನ್ನು 1 ಲೀಟರಿನಲ್ಲಿ ಬೆರೆಸಿ 4 ಗಂಟೆಯ ಮೇಲೆ. ಒಮ್ಮೆಲೇ ನರಕ್ಕೆ ತಳ್ಳಿದರೆ ಬಿ.ಪಿ. ಕುಸಿಯುತ್ತದೆ. ಆಕ್ಸಿಟೋಸಿನ್ ಕೈಗೆ ಸಿಗದಿದ್ದರೆ ಮಿಸೊಪ್ರೊಸ್ಟಾಲ್ 800 ಮೈಕ್ರೋಗ್ರಾಂ, ಅಂದರೆ 4 ಮಾತ್ರೆ, ನಾಲಿಗೆಯಡಿ. ಚಳಿ, ನಡುಕ, ಜ್ವರ ಬರಬಹುದು, ತಾಯಿಗೆ ಮೊದಲೇ ಹೇಳಿಡಿ. ಗರ್ಭಕೋಶ ಬಿಗಿಗೊಳಿಸುವ ಇನ್ನೊಂದು ಮದ್ದಾದ ಎರ್ಗೊಮೆಟ್ರಿನ್ ಬಿ.ಪಿ. ಹೆಚ್ಚಿರುವವರಿಗೆ ಬೇಡ.

ಟ್ರಾನೆಕ್ಸಾಮಿಕ್ 1 ಗ್ರಾಂ, ನರಕ್ಕೆ, 10 ನಿಮಿಷದಲ್ಲಿ. 10 ಮಿ.ಲೀ. ಸಿರಿಂಜಾದರೆ ನಿಮಿಷಕ್ಕೊಂದು ಮಿ.ಲೀ. ಆದರೆ ಆ ಹತ್ತು ನಿಮಿಷ ಒಬ್ಬರ ಕೈ ಕಟ್ಟಿಹಾಕಿದಂತೆ. ಜನ ಕಡಿಮೆಯಿದ್ದರೆ 200 ಮಿ.ಲೀ. ಸಲೈನಿಗೆ ಬೆರೆಸಿ ಡ್ರಿಪ್ಪಿನಲ್ಲಿ ಬಿಡುವುದು ಜಾಣತನ. ಇದನ್ನು ಹೆರಿಗೆಯಾದ 3 ಗಂಟೆಯೊಳಗೆ ಕೊಡಬೇಕು. 2017ರಲ್ಲಿ ಪ್ರಕಟವಾದ ವುಮನ್ ಅಧ್ಯಯನ ಇಪ್ಪತ್ತು ಸಾವಿರ ತಾಯಂದಿರಲ್ಲಿ ಕಂಡುಕೊಂಡದ್ದು ಇದೇ: ಬೇಗ ಕೊಟ್ಟರೆ ಸಾವು ಕಡಿಮೆ, ಮೂರು ಗಂಟೆ ಕಳೆದರೆ ಪ್ರಯೋಜನವಿಲ್ಲ. 30 ನಿಮಿಷದ ನಂತರವೂ ರಕ್ತ ನಿಲ್ಲದಿದ್ದರೆ ಇನ್ನೊಂದು ಗ್ರಾಂ ಕೊಡಬಹುದು.

ಐದನೆಯದು ಪರೀಕ್ಷೆ, ಅವಸರದಲ್ಲಿ ಬಿಟ್ಟುಹೋಗುವುದೂ ಇದೇ. ಟಾರ್ಚ್ ಹಿಡಿದು ಯೋನಿ, ಗರ್ಭಕೋಶದ ಕಂಠ ನೋಡಿ. ಬೇಸಿನ್ನಿನಲ್ಲಿಟ್ಟ ಮಾಸನ್ನು ಮತ್ತೆ ಅಂಗೈಯಲ್ಲಿ ಹರಡಿ, ಎಲ್ಲಾದರೂ ಒಂದು ತುಂಡು ಕಿತ್ತುಬಂದ ಗುಂಡಿ ಇದೆಯೇ, ಪೊರೆ ಹರಿದು ನಿಂತಿದೆಯೇ ಎಂದು ನೋಡಿ. ಗರ್ಭಕೋಶ ತೆಂಗಿನಕಾಯಿಯಂತೆ ಗಟ್ಟಿಯಿದ್ದೂ ತಿಳಿಗೆಂಪು ರಕ್ತ ಹರಿಯುತ್ತಲೇ ಇದ್ದರೆ ಎಲ್ಲೋ ಹರಿದಿದೆ ಎಂದೇ ತಿಳಿಯಿರಿ, ಆಗ ಇನ್ನಷ್ಟು ಆಕ್ಸಿಟೋಸಿನ್‌ನಿಂದ ಏನೂ ಆಗುವುದಿಲ್ಲ.

ನಿಲ್ಲದಿದ್ದರೆ

ಒಂದು ಮುಷ್ಟಿ ಯೋನಿಯೊಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ. ಗರ್ಭಕೋಶವನ್ನು ಎರಡರ ನಡುವೆ ಅದುಮಿ ಹಿಡಿಯಿರಿ. ಇದು ತೋಳು ನೋಯಿಸುವ ಕೆಲಸ, ಕೈ ಬದಲಿಸುವವರು ಬೇಕು. ಗರ್ಭಕೋಶದೊಳಗೆ ಉಬ್ಬಿಸಿ ಒತ್ತುವ ಬಲೂನು ಹಾಕುವ ತರಬೇತಿ ಇದ್ದವರು ಹಾಕಬಹುದು, ಆದರೆ ಹರಿದ ಗಾಯವೂ ಒಳಗುಳಿದ ಮಾಸಿನ ತುಂಡೂ ಇಲ್ಲವೆಂದು ಖಚಿತಮಾಡಿಕೊಂಡ ಮೇಲೆ. ಅಷ್ಟರಲ್ಲಿ 108ಕ್ಕೆ ಕರೆ ಹೋಗಿರಬೇಕು, ಮೇಲಿನ ಆಸ್ಪತ್ರೆಯಲ್ಲಿ ರಕ್ತ ಇದೆಯೇ ಎಂದು ಕೇಳಿಯೂ ಆಗಿರಬೇಕು. ಡ್ರಿಪ್ ನಿಲ್ಲಿಸದೆ, ಒಬ್ಬರು ಜೊತೆಗೆ ಹೋಗಿ.

ಫೋನಿನಲ್ಲಿ ಡಾಕ್ಟರಿಗೆ "ಮೇಡಂ, ಬ್ಲೀಡಿಂಗ್ ಜಾಸ್ತಿ ಇದೆ" ಎಂದರೆ ಮರುಪ್ರಶ್ನೆ ಬರುತ್ತದೆ, ಚರ್ಚೆಯಾಗುತ್ತದೆ, ಕಿರಿಯ ನರ್ಸಾದರೆ ಬೈಗುಳವೂ ಸಿಗಬಹುದು. "ಹೆರಿಗೆ 10:20ಕ್ಕೆ, 10:50ಕ್ಕೆ 310, ನಾಡಿ 104, ಗರ್ಭಕೋಶ ಮೆತ್ತಗೆ, ಆಕ್ಸಿಟೋಸಿನ್ ಮತ್ತು ಟ್ರಾನೆಕ್ಸಾಮಿಕ್ 10:55ಕ್ಕೆ ಶುರು, ಈಗ 11:10, ಚೀಲ 480" ಎಂದರೆ ವಾದಕ್ಕೆ ಜಾಗವೇ ಇಲ್ಲ. ಚೀಲ ಕಟ್ಟಿ ಎಂದು ಇಷ್ಟು ಒತ್ತಿ ಹೇಳಲು ನಮ್ಮ ಮಟ್ಟಿಗೆ ದೊಡ್ಡ ಕಾರಣ ಇದೇ. ಇದೇ ವಾಕ್ಯವನ್ನು ರೆಫರಲ್ ಚೀಟಿಯಲ್ಲೂ ಬರೆಯಿರಿ.

ಗಂಟೆ ಕಳೆದ ಮೇಲೆ

60ನೇ ನಿಮಿಷಕ್ಕೆ ಹರಿವು ನಿಂತು ಎಲ್ಲವೂ ಸರಿಯಿದ್ದರೆ ಡ್ರೇಪ್ ತೆಗೆಯಬಹುದು. ಹರಿಯುತ್ತಿದ್ದರೆ ಇನ್ನೊಂದು ಗಂಟೆ ಇರಲಿ. ಬಳಸಿದ ಡ್ರೇಪನ್ನು ತೊಳೆದು ಮತ್ತೆ ಹಾಕುವಂತಿಲ್ಲ. ವಾರ್ಡಿಗೆ ಕಳಿಸುವಾಗ ಜೊತೆಗಿರುವ ಅಮ್ಮ, ಅತ್ತೆಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ "ಕೆಟ್ಟ ರಕ್ತ ಹೋಗಲಿ ಬಿಡಿ, ಒಳಗೆ ಉಳಿದರೆ ನಂಜಾಗುತ್ತೆ" ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಹೋಗುತ್ತಿರುವುದು ಮೈಯ ರಕ್ತವೇ. ಗಂಟೆಯೊಳಗೆ ಒಂದು ಪ್ಯಾಡು ಪೂರ್ತಿ ನೆನೆದರೆ, ನಿಂಬೆಹಣ್ಣಿಗಿಂತ ದೊಡ್ಡ ಹೆಪ್ಪು ಬಿದ್ದರೆ, ಕಣ್ಣು ಕತ್ತಲಿಟ್ಟರೆ ತಕ್ಷಣ ಕರೆಯಲು ಹೇಳಿ. ಮನೆಗೆ ಹೋದ ಮೇಲೂ ಇದೇ ಮಾತು.

ತಿಂಗಳಿಗೊಮ್ಮೆ ಚಾರ್ಟುಗಳನ್ನು ಮುಂದಿಟ್ಟುಕೊಂಡು ಮೂರು ಲೆಕ್ಕ ತೆಗೆಯಿರಿ: ಎಷ್ಟು ಹೆರಿಗೆಗೆ ನಾಲ್ಕೂ ಓದು ದಾಖಲಾಗಿದೆ, ಎಷ್ಟು ಮಂದಿ ಗೆರೆ ದಾಟಿದರು, ಅವರಲ್ಲಿ ಎಷ್ಟು ಜನರಿಗೆ 15 ನಿಮಿಷದಲ್ಲಿ ಐದೂ ಆಯಿತು. ಇಡೀ ತಿಂಗಳಲ್ಲಿ ಒಬ್ಬರೂ ಗೆರೆ ದಾಟಿಲ್ಲ ಎಂದಿದ್ದರೆ ಖುಷಿಪಡುವ ಮೊದಲು ಅಂಕಿಗಳನ್ನು ನೋಡಿ. ಸಾಲುಸಾಲಾಗಿ 200, 200, 250, 200 ಎಂದಿದ್ದರೆ ಡ್ರೇಪಿನ ಸ್ಟಾಕ್ ರಿಜಿಸ್ಟರ್ ತರಿಸಿ, ಎಷ್ಟು ಖರ್ಚಾಗಿದೆ ಎಂದು ಎಣಿಸಿ.